ವೇಲ್ಸ್‌ನಲ್ಲಿದ್ದು ಬರೆಯುವವರಿಗೆ: ಪ್ರಕಟಣೆ, ತರಬೇತಿ, ಕೆಲಸ – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ವೇಲ್ಸ್‌ನಿಂದ ಬಂದಿವೆ. ಅಲ್ಲಿನ ಆಸ್ಪತ್ರೆ, ವಿಶ್ವವಿದ್ಯಾಲಯ, ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುತ್ತ, ರಾತ್ರಿ ಹೊತ್ತು ಬರೆಯುವ ಕನ್ನಡಿಗರ ಪತ್ರಗಳು. ವೇಲ್ಸ್‌ನ ಸಾಹಿತ್ಯ ಲೋಕ ಚಿಕ್ಕದು, ಆದರೆ ಅದಕ್ಕೆ ಎರಡು ಭಾಷೆ: ವೆಲ್ಷ್ ಮತ್ತು ಇಂಗ್ಲಿಷ್. ಯಾವ ಯೋಜನೆ ಯಾವ ಭಾಷೆಗೆ, ಅರ್ಹತೆ ಯಾರಿಗೆ ಎಂಬುದನ್ನು ಮೊದಲೇ ನೋಡಿಕೊಂಡರೆ ವ್ಯರ್ಥ ಓಡಾಟ ತಪ್ಪುತ್ತದೆ. ನಮಗೆ ಬಂದ ಅರ್ಧಕ್ಕರ್ಧ ಪ್ರಶ್ನೆಗಳ ಬೇರು ಇಲ್ಲೇ ಇದೆ.

ಪ್ರಶ್ನೆ: ಕಾರ್ಡಿಫ್‌ನಲ್ಲಿ ನರ್ಸ್ ಆಗಿದ್ದೇನೆ. ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಇಂಗ್ಲಿಷ್‌ನಲ್ಲಿ ಸಣ್ಣ ಕಥೆ ಬರೆಯುತ್ತೇನೆ. 'ವೇಲ್ಸ್ ಲೇಖಕರಿಗೆ ಮಾತ್ರ' ಎಂಬ ಕಡೆ ನಾನು ಕಳಿಸಬಹುದೇ? ಮೊದಲು ಎಲ್ಲಿಗೆ ಕಳಿಸಲಿ?

ಧಾರಾಳವಾಗಿ ಕಳಿಸಬಹುದು. ಇಂಥ ಯೋಜನೆಗಳಲ್ಲಿ ಬಹುಪಾಲು ವೇಲ್ಸ್‌ನಲ್ಲಿ ಹುಟ್ಟಿದವರನ್ನೂ ಈಗ ಅಲ್ಲಿ ವಾಸವಾಗಿರುವವರನ್ನೂ ಸಮನಾಗಿ ಕಾಣುತ್ತವೆ. ಪೌರತ್ವ ಕೇಳುವುದು ಅಪರೂಪ, ವಿಳಾಸ ಕೇಳುವುದು ಸಾಮಾನ್ಯ.

ಸಣ್ಣ ಕಥೆಗೆ ಮೊದಲು ನೋಡಬೇಕಾದದ್ದು ರೀಸ್ ಡೇವಿಸ್ ಸಣ್ಣ ಕಥಾ ಸ್ಪರ್ಧೆ. ಇಂಗ್ಲಿಷ್‌ನ ಅಪ್ರಕಟಿತ ಕಥೆ, 5,000 ಪದಗಳ ಮಿತಿ, ವೇಲ್ಸ್‌ನಲ್ಲಿ ಹುಟ್ಟಿದವರಿಗೆ ಅಥವಾ ವಾಸಿಸುವವರಿಗೆ. ಗೆದ್ದ ಕಥೆಗಳನ್ನು ಪಾರ್ಥಿಯನ್ ಪ್ರಕಾಶನ ಸಂಕಲನವಾಗಿ ತರುತ್ತದೆ. ಮೊದಲ ಪುಸ್ತಕ ಇನ್ನೂ ಬಾರದವರಿಗೆ ಬಹುಮಾನದ ಹಣಕ್ಕಿಂತ ಆ ಸಂಕಲನದಲ್ಲಿ ಸಿಗುವ ಜಾಗವೇ ದೊಡ್ಡದು. ಆದರೆ ಸ್ಪರ್ಧೆ ಪ್ರತಿ ವರ್ಷ ಇದ್ದೇ ಇರುತ್ತದೆಂದು ನಂಬಿ ಕೂರಬೇಡಿ.

ಪತ್ರಿಕೆಗಳ ಪಟ್ಟಿಯನ್ನು ಹಳೆಯ ಕೈಪಿಡಿ ನೋಡಿ ಮಾಡಿಕೊಂಡಿದ್ದರೆ ಬದಿಗಿಡಿ. 2024ರಲ್ಲಿ 'ಪ್ಲಾನೆಟ್' ಮತ್ತು 'ನ್ಯೂ ವೆಲ್ಷ್ ರಿವ್ಯೂ' ಎಂಬ ಎರಡು ಹಳೆಯ ಪತ್ರಿಕೆಗಳು ಅನುದಾನ ಕಳೆದುಕೊಂಡವು. ಅವುಗಳ ಹೆಸರು ಇವತ್ತಿಗೂ ಎಷ್ಟೋ ಪಟ್ಟಿಗಳಲ್ಲಿ ಹಾಗೇ ಇದೆ. 2025ರಲ್ಲಿ 'ಫೋಲ್ಡಿಂಗ್ ರಾಕ್' ಎಂಬ ಹೊಸ ಪತ್ರಿಕೆ ಶುರುವಾಯಿತು, ಕಥೆಗೂ ಪ್ರಬಂಧಕ್ಕೂ ಅದನ್ನು ನೋಡಿ. ಕವಿತೆಗೆ 1965ರಿಂದ ಬರುತ್ತಿರುವ 'ಪೊಯೆಟ್ರಿ ವೇಲ್ಸ್' ಇದೆ. ಇವು ವರ್ಷವಿಡೀ ಬರಹ ತೆಗೆದುಕೊಳ್ಳುವುದಿಲ್ಲ, ಕೆಲವು ವಾರ ಮಾತ್ರ ತೆರೆದಿರುತ್ತವೆ. ಆ ಅವಧಿಯ ಹೊರಗೆ ಕಳಿಸಿದ ಬರಹವನ್ನು ಯಾರೂ ಎತ್ತಿಡುವುದಿಲ್ಲ, ಅಳಿಸಿಬಿಡುತ್ತಾರೆ. ಆದ್ದರಿಂದ ಪ್ರತಿ ಪತ್ರಿಕೆಯ ಸುದ್ದಿಪತ್ರಕ್ಕೆ ಇಮೇಲ್ ಕೊಟ್ಟಿಡಿ. ಲಿಟರೇಚರ್ ವೇಲ್ಸ್‌ನ ಸುದ್ದಿಪತ್ರವನ್ನಂತೂ ಬಿಡಬೇಡಿ. ಅಲ್ಲಿನ ಸಾಹಿತ್ಯ ಬೆಳವಣಿಗೆಯ ರಾಷ್ಟ್ರೀಯ ಸಂಸ್ಥೆ ಅದೇ. ಇತರರ ಸ್ಪರ್ಧೆ, ಕೆಲಸ, ಶಿಬಿರಗಳ ಪ್ರಕಟಣೆಯೂ ಅಲ್ಲಿ ಬರುತ್ತದೆ.

ಹೊನ್ನೊ ಎಂಬ ಮಹಿಳಾ ಪ್ರಕಾಶನವನ್ನೂ ಗುರುತಿಟ್ಟುಕೊಳ್ಳಿ. 1986ರಲ್ಲಿ ಶುರುವಾದದ್ದು, ಅಬರಿಸ್ಟ್‌ವಿತ್‌ನಲ್ಲಿದೆ. ವೇಲ್ಸ್‌ನಲ್ಲಿ ಹುಟ್ಟಿದ, ವಾಸಿಸುವ ಅಥವಾ ಆ ನಾಡಿನ ನಂಟಿರುವ ಮಹಿಳೆಯರ ಬರಹವನ್ನಷ್ಟೇ ತರುತ್ತದೆ. ಸಂಕಲನಗಳಿಗೆ ಆಗಾಗ ಬರಹ ಕರೆಯುತ್ತದೆ.

ಪ್ರಶ್ನೆ: ನನ್ನ ಎರಡು ಕಥೆ ಕನ್ನಡದ ವಿಶೇಷಾಂಕಗಳಲ್ಲಿ ಬಂದಿವೆ. ನಾನೇ ಅವನ್ನು ಇಂಗ್ಲಿಷ್ ಮಾಡಿದ್ದೇನೆ. ಅಲ್ಲಿನ ಸ್ಪರ್ಧೆಗೆ ಹೊಸ ಕಥೆ ಎಂದು ಕಳಿಸಿದರೆ ತಪ್ಪೇ? – ನ್ಯೂಪೋರ್ಟ್

ಹೇಳದೆ ಕಳಿಸಿದರೆ ತಪ್ಪೇ. 'ಅಪ್ರಕಟಿತ' ಎಂಬ ನಿಯಮಕ್ಕೆ ಭಾಷೆಯ ಗಡಿ ಇದೆಯೇ ಇಲ್ಲವೇ ಎಂಬುದನ್ನು ಒಂದೊಂದು ಸ್ಪರ್ಧೆ ಒಂದೊಂದು ರೀತಿ ನೋಡುತ್ತದೆ. ಕೆಲವು ಅನುವಾದವನ್ನೇ ಒಪ್ಪುವುದಿಲ್ಲ, ಲೇಖಕರೇ ಮಾಡಿದ ಅನುವಾದವಾದರೂ. ಕೊನೆಯ ದಿನಾಂಕಕ್ಕೆ ಎರಡು ವಾರ ಇರುವಾಗಲೇ ಸಂಘಟಕರಿಗೆ ನಾಲ್ಕು ಸಾಲಿನ ಇಮೇಲ್ ಹಾಕಿ: ಕಥೆ ಯಾವ ಭಾಷೆಯಲ್ಲಿ, ಯಾವ ವರ್ಷ ಬಂತು, ಇಂಗ್ಲಿಷ್ ರೂಪ ಎಲ್ಲೂ ಬಂದಿಲ್ಲ, ಒಪ್ಪುತ್ತೀರಾ ಎಂದು. ಬಂದ ಉತ್ತರವನ್ನು ತೆಗೆದಿಡಿ. ಗೆದ್ದ ಮೇಲೆ ಗೊತ್ತಾದರೆ ಬಹುಮಾನ ವಾಪಸ್ ಪಡೆಯುವ ಹಕ್ಕು ಅವರಿಗಿರುತ್ತದೆ.

ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಕವಿತೆಯನ್ನೂ ಹಲವರು 'ಪ್ರಕಟಿತ' ಎಂದೇ ಎಣಿಸುತ್ತಾರೆ. ನಮ್ಮವರಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಇಂಗ್ಲಿಷ್ ಪತ್ರಿಕೆಗಳಿಗೆ ಮಾತ್ರ ಕನ್ನಡದ ಹಿನ್ನೆಲೆ ತೊಡಕಲ್ಲ. 'ಮೂಲ ಕನ್ನಡದಲ್ಲಿ ಇಂಥ ವರ್ಷ ಪ್ರಕಟ, ಲೇಖಕರದೇ ಅನುವಾದ' ಎಂದು ಪತ್ರದಲ್ಲಿ ಬರೆದರೆ ಸಂಪಾದಕರು ಕುತೂಹಲದಿಂದಲೇ ಓದುತ್ತಾರೆ. ಹಾಗೆ ಬರೆಯುವ ಮೊದಲು, ಕನ್ನಡ ಪತ್ರಿಕೆ ಅನುವಾದದ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಇಂಗ್ಲಿಷ್ ಕಾದಂಬರಿ ಮುಗಿಸಿದ್ದೇನೆ, 85,000 ಪದ. ಲಂಡನ್‌ನ ಏಜೆಂಟ್ ಇಲ್ಲದೆ ಪ್ರಕಾಶಕರು ನೋಡುವುದಿಲ್ಲ ಎನ್ನುತ್ತಾರೆ. ನಿಜವೇ? – ಸ್ವಾನ್ಸಿ

ಲಂಡನ್‌ನ ದೊಡ್ಡ ಪ್ರಕಾಶಕರ ಮಟ್ಟಿಗೆ ಬಹುತೇಕ ನಿಜ, ವೇಲ್ಸ್‌ನ ಮಟ್ಟಿಗೆ ಅಲ್ಲ. ಪಾರ್ಥಿಯನ್, ಸೆರೆನ್, ಹೊನ್ನೊ ಮುಂತಾದವು ಏಜೆಂಟ್ ಇಲ್ಲದ ಲೇಖಕರಿಂದಲೂ ಹಸ್ತಪ್ರತಿ ತೆಗೆದುಕೊಂಡಿವೆ. ಮಕ್ಕಳ ಪುಸ್ತಕಕ್ಕೆ ಫೈರ್‌ಫ್ಲೈ ಇದೆ. ತಾಲಿಬಾಂಟ್‌ನ ಅ ಲೊಲ್ವಾ 1967ರಿಂದ ಇದೆ, ಮುಖ್ಯವಾಗಿ ವೆಲ್ಷ್ ಭಾಷೆಯದು, ಇಂಗ್ಲಿಷ್‌ನಲ್ಲೂ ವೇಲ್ಸ್ ಕುರಿತ ಪುಸ್ತಕ ತರುತ್ತದೆ. ಕಾರ್ಡಿಫ್‌ನ ಯೂನಿವರ್ಸಿಟಿ ಆಫ್ ವೇಲ್ಸ್ ಪ್ರೆಸ್ 1922ರದ್ದು, ವಿದ್ವತ್ ಗ್ರಂಥಗಳಿಗೆ. ಅಲ್ಲಿಗೆ ಕಾದಂಬರಿ ಕಳಿಸಬೇಡಿ.

ಎಲ್ಲರಿಗೂ ಒಂದೇ ಕಟ್ಟು ಕಳಿಸುವುದು ದೊಡ್ಡ ತಪ್ಪು. ಆಯಾ ಪ್ರಕಾಶಕರ ಸೂಚನೆ ಓದಿದ ಮೇಲೆ ಈ ಮೂರನ್ನು ಸಿದ್ಧ ಮಾಡಿ.

ಮೊದಲನೆಯದು ಒಂದು ಪುಟದ ಪತ್ರ. ಕಾದಂಬರಿಯ ಹೆಸರು, ಪದಸಂಖ್ಯೆ, ಯಾವ ಬಗೆಯದು, ಎರಡು ವಾಕ್ಯದಲ್ಲಿ ಕಥೆ, ಈ ಪ್ರಕಾಶಕರೇ ಏಕೆ ಎಂಬುದಕ್ಕೆ ಒಂದು ವಾಕ್ಯ, ವೇಲ್ಸ್‌ನೊಂದಿಗಿನ ನಂಟು. ನಂಟನ್ನು ಸಂಕೋಚವಿಲ್ಲದೆ ಬರೆಯಿರಿ. ಅನುದಾನ ಪಡೆಯುವ ಪ್ರಕಾಶಕರಿಗೆ ಅದು ಬೇಕಾದ ಮಾಹಿತಿ.

ಎರಡನೆಯದು ಸಾರಾಂಶ, ಒಂದು ಪುಟ, ಹೆಚ್ಚೆಂದರೆ ಎರಡು. ಕೊನೆಯಲ್ಲಿ ಏನಾಗುತ್ತದೆಂಬುದು ಅದರಲ್ಲಿ ಇರಲೇಬೇಕು. 'ಮುಂದೇನಾಯಿತು, ಓದಿ ತಿಳಿಯಿರಿ' ಎಂದು ನಿಲ್ಲಿಸುವುದು ಹಿಂಬದಿ ರಕ್ಷಾಪುಟದ ಒಕ್ಕಣೆ. ಸಂಪಾದಕರಿಗೆ ಬೇಕಾದದ್ದು ಕಥೆಯ ಕಟ್ಟೋಣ ನಿಲ್ಲುತ್ತದೆಯೇ ಎಂಬುದರ ಸಾಕ್ಷಿ.

ಮೂರನೆಯದು ಮಾದರಿ ಅಧ್ಯಾಯಗಳು: ಸಾಮಾನ್ಯವಾಗಿ ಮೊದಲ ಮೂರು, ಅಥವಾ ಮೊದಲ 50 ಪುಟ. ಚೆನ್ನಾಗಿ ಬಂದಿದೆಯೆಂದು ಏಳನೇ ಅಧ್ಯಾಯ ಕಳಿಸಬೇಡಿ. 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ದುಪ್ಪಟ್ಟು ಜಾಗ, ಪ್ರತಿ ಪುಟದಲ್ಲೂ ಪುಟಸಂಖ್ಯೆ ಮತ್ತು ಕೃತಿಯ ಹೆಸರು. ಬೇರೆ ಹೇಳಿರದಿದ್ದರೆ ವರ್ಡ್ ಫೈಲ್.

ಉತ್ತರಕ್ಕೆ ಮೂರರಿಂದ ಆರು ತಿಂಗಳು ಹಿಡಿಯುವುದು ಮಾಮೂಲು. ಇವೆಲ್ಲ ನಾಲ್ಕೈದು ಜನರ ಕಚೇರಿಗಳು. ಏಕಕಾಲಕ್ಕೆ ಇಬ್ಬರಿಗೆ ಕಳಿಸಿದ್ದರೆ ಪತ್ರದಲ್ಲೇ ತಿಳಿಸಿ. ಒಬ್ಬರು ಒಪ್ಪಿದ ದಿನವೇ ಇನ್ನೊಬ್ಬರಿಂದ ಹಿಂದಕ್ಕೆ ಪಡೆಯಿರಿ.

ಹಣ ಹೇಗೆ ಹರಿಯುತ್ತದೆಂಬುದೂ ಗೊತ್ತಿರಲಿ. ನಮ್ಮ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವುದನ್ನು ನೋಡಿದವರು, ವೇಲ್ಸ್‌ನಲ್ಲೂ ಬುಕ್ಸ್ ಕೌನ್ಸಿಲ್‌ಗೆ ನೇರ ಅರ್ಜಿ ಹಾಕಲು ಹೊರಡುತ್ತಾರೆ. 1961ರಲ್ಲಿ ಸ್ಥಾಪನೆಯಾದ, ಅಬರಿಸ್ಟ್‌ವಿತ್‌ನಲ್ಲಿರುವ ಆ ಸಂಸ್ಥೆಯ ಪ್ರಕಟಣಾ ಅನುದಾನ ಹೋಗುವುದು ಪ್ರಕಾಶಕರಿಗೆ. ಲೇಖಕರ ಮುಂಗಡವೂ ಪ್ರಕಾಶಕರ ಮೂಲಕವೇ ಬರುತ್ತದೆ. ಹಾಗಾಗಿ ಒಪ್ಪಂದದ ಮಾತು ಬಂದಾಗ 'ಈ ಪುಸ್ತಕಕ್ಕೆ ಅನುದಾನ ಕೇಳುತ್ತೀರಾ, ಅದರಲ್ಲಿ ಲೇಖಕರ ಪಾಲೆಷ್ಟು' ಎಂದು ಕೇಳುವುದು ಅಪಚಾರವಲ್ಲ, ವ್ಯವಹಾರ.

ಪೇಪರ್‌ಬ್ಯಾಕ್‌ಗೆ ಅಲ್ಲಿ ಸಾಮಾನ್ಯವಾಗಿ ಶೇ. 7.5ರಿಂದ 10ರಷ್ಟು ಗೌರವಧನ (ರಾಯಲ್ಟಿ). ಶೇಕಡಾವಾರಿಗಿಂತ ಮುಖ್ಯವಾದದ್ದು ಅದು ಯಾವುದರ ಮೇಲೆ ಎಂಬುದು. ಮುಖಬೆಲೆ 10 ಪೌಂಡ್ ಆಗಿದ್ದು ಅಂಗಡಿಗೆ ಶೇ. 40 ರಿಯಾಯಿತಿ ಹೋದರೆ ಪ್ರಕಾಶಕರ ಕೈಗೆ ಬರುವುದು 6 ಪೌಂಡ್. ಮುಖಬೆಲೆಯ ಮೇಲೆ ಶೇ. 10 ಎಂದರೆ ಪ್ರತಿಗೆ ಒಂದು ಪೌಂಡ್, ಕೈಗೆ ಬಂದದ್ದರ ಮೇಲೆ ಎಂದರೆ 60 ಪೆನ್ಸ್. ಸೊಸೈಟಿ ಆಫ್ ಆಥರ್ಸ್ ತನ್ನ ಸದಸ್ಯರ ಒಪ್ಪಂದಪತ್ರವನ್ನು ಸಾಲುಸಾಲು ಓದಿ ಸಲಹೆ ಕೊಡುತ್ತದೆ. ಪ್ರಕಾಶಕರಿಂದ ಕರಡು ಒಪ್ಪಂದ ಬಂದ ಕೂಡಲೇ, ಪುಸ್ತಕ ಹೊರಬರುವ ಮೊದಲೇ, ಸದಸ್ಯರಾಗಬಹುದು. ಸಹಿ ಹಾಕಿದ ಮೇಲೆ ಕೇಳಿದರೆ ಅವರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಪ್ರಶ್ನೆ: ಒಬ್ಬ ಪ್ರಕಾಶಕರು ಹಸ್ತಪ್ರತಿ ಬಹಳ ಹಿಡಿಸಿತು ಎಂದು ವಾರದಲ್ಲೇ ಬರೆದರು. 3,000 ಪೌಂಡ್ 'ಪಾಲುದಾರಿಕೆ' ಹಣ ಕೇಳುತ್ತಿದ್ದಾರೆ. – ರೆಕ್ಸಮ್

ಕೊಡಬೇಡಿ. ಪುಸ್ತಕ ತರಲು ಲೇಖಕರಿಂದ ಹಣ ಕೇಳುವವರ ಆದಾಯ ಓದುಗರಿಂದಲ್ಲ, ಲೇಖಕರಿಂದ. ಒಂದು ಪ್ರತಿ ಮಾರದಿದ್ದರೂ ಅವರಿಗೆ ನಷ್ಟವಿಲ್ಲ. ಸೊಸೈಟಿ ಆಫ್ ಆಥರ್ಸ್ ಮತ್ತು ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಸೇರಿ 2022ರಲ್ಲಿ ಇಂಥ ಒಪ್ಪಂದಗಳ ಬಗ್ಗೆ ಎಚ್ಚರಿಸಿ ವರದಿಯನ್ನೇ ತಂದವು. ಸ್ವಂತ ಖರ್ಚಿನಲ್ಲಿ ತರಲೇಬೇಕೆಂದಿದ್ದರೆ ಸಂಪಾದಕರು, ಮುಖಪುಟ ಕಲಾವಿದರು, ಮುದ್ರಕರು ಈ ಮೂವರಿಗೆ ಬೇರೆಬೇರೆಯಾಗಿ ದುಡ್ಡು ಕೊಟ್ಟು ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಅನ್ನು, ಅದನ್ನು ಕೊಡುವ ನೀಲ್ಸನ್ ಸಂಸ್ಥೆಯಿಂದ ನಿಮ್ಮ ಹೆಸರಿನಲ್ಲೇ ಕೊಳ್ಳಿ. ಪ್ರಕಟವಾದ ಒಂದು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಒಂದು ಪ್ರತಿ ಕಳಿಸುವುದು ಕಾನೂನು. ಅಬರಿಸ್ಟ್‌ವಿತ್‌ನ ನ್ಯಾಷನಲ್ ಲೈಬ್ರರಿ ಆಫ್ ವೇಲ್ಸ್ ಕೇಳಿದರೆ ಅದಕ್ಕೂ ಕೊಡಬೇಕು.

ಪ್ರಶ್ನೆ: ಕಳೆದ ವರ್ಷ ನನ್ನ ಪುಸ್ತಕ ಬಂತು. ಗೌರವಧನ ಬಿಟ್ಟರೆ ಬೇರೆ ಏನಾದರೂ ಬರುತ್ತದೆಯೇ?

ಬರುತ್ತದೆ, ಆದರೆ ನೀವಾಗಿ ನೋಂದಾಯಿಸಿದರೆ ಮಾತ್ರ. ಸಾರ್ವಜನಿಕ ಗ್ರಂಥಾಲಯಗಳಿಂದ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕರಿಗೆ ಕೆಲವು ಪೆನ್ಸ್ ಸೇರುತ್ತದೆ. ಪಬ್ಲಿಕ್ ಲೆಂಡಿಂಗ್ ರೈಟ್ ಎಂಬ ಈ ವ್ಯವಸ್ಥೆಯನ್ನು ಬ್ರಿಟಿಷ್ ಲೈಬ್ರರಿ ನೋಡಿಕೊಳ್ಳುತ್ತದೆ. ಲೆಕ್ಕದ ವರ್ಷ ಜುಲೈನಿಂದ ಜೂನ್, ಹಾಗಾಗಿ ಜೂನ್ 30ರೊಳಗೆ ನೋಂದಣಿ ಆಗಿರಬೇಕು. ಒಬ್ಬ ಲೇಖಕರಿಗೆ ವರ್ಷಕ್ಕೆ ಗರಿಷ್ಠ 6,600 ಪೌಂಡ್. ಆ ಮಿತಿ ಮುಟ್ಟುವವರು ಬೆರಳೆಣಿಕೆ, ಆದರೆ ನೂರಿನ್ನೂರು ಬಂದರೂ ಬೇಡವೇ? ಪೇಪರ್‌ಬ್ಯಾಕ್, ಗಟ್ಟಿರಟ್ಟು, ಇ-ಪುಸ್ತಕಕ್ಕೆ ಬೇರೆಬೇರೆ ಐಎಸ್‌ಬಿಎನ್ ಇದ್ದರೆ ಎಲ್ಲವನ್ನೂ ಸೇರಿಸಿ. ಒಂದನ್ನೇ ಹಾಕಿ ಉಳಿದವುಗಳ ಹಣ ಕಳೆದುಕೊಳ್ಳುವವರು ಬಹಳ.

ಇನ್ನೊಂದು ಎಎಲ್‌ಸಿಎಸ್. ಶಾಲೆ, ಕಾಲೇಜು, ಕಚೇರಿಗಳಲ್ಲಿ ಆಗುವ ನಕಲು ಪ್ರತಿಗಳ ಪರವಾನಗಿ ಹಣವನ್ನು ಲೇಖಕರಿಗೆ ಹಂಚುವ ಸಂಸ್ಥೆ. ಆಜೀವ ಸದಸ್ಯತ್ವ 36 ಪೌಂಡ್, ಅದನ್ನೂ ಮೊದಲ ಪಾವತಿಯಲ್ಲೇ ಹಿಡಿದುಕೊಳ್ಳುತ್ತಾರೆ, ಮುಂಗಡ ಕಟ್ಟಬೇಕಿಲ್ಲ. ಪುಸ್ತಕವಿಲ್ಲದೆ ಪತ್ರಿಕೆಗಳಲ್ಲಷ್ಟೇ ಬರೆದವರೂ ಸೇರಬಹುದು, ಪತ್ರಿಕೆಗೆ ಐಎಸ್‌ಎಸ್‌ಎನ್ ಎಂಬ ಗುರುತು ಸಂಖ್ಯೆ ಇರಬೇಕು. ಬರವಣಿಗೆಯೂ ಸೇರಿ ಸ್ವಂತ ವ್ಯವಹಾರದ ಒಟ್ಟು ಆದಾಯ ತೆರಿಗೆ ವರ್ಷಕ್ಕೆ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸುವುದು ಕಡ್ಡಾಯ.

ಪ್ರಶ್ನೆ: ಬ್ಯಾಂಗರ್‌ನಲ್ಲಿ ಎಂ.ಎ. ವಿದ್ಯಾರ್ಥಿ. ಲೇಖನಕ್ಕೆ ಹಣ ತೆಗೆದುಕೊಂಡರೆ ವೀಸಾಕ್ಕೆ ತೊಂದರೆಯೇ?

ಆಗಬಹುದು. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗ ನಿಷಿದ್ಧ. ಬಿಲ್ ಕೊಟ್ಟು ಲೇಖನ ಬರೆಯುವುದು, ಶುಲ್ಕ ಪಡೆದು ಕಾರ್ಯಾಗಾರ ನಡೆಸುವುದು ಆ ಲೆಕ್ಕಕ್ಕೆ ಬೀಳುತ್ತವೆ, ವಾರಕ್ಕೆ 20 ಗಂಟೆಯ ಮಿತಿಯೊಳಗೇ ಇದ್ದರೂ. ಸ್ಪರ್ಧೆಯ ಬಹುಮಾನದ ಮಾತು ಬೇರೆ, ಆದರೂ ಗೆದ್ದವರು ಮುಂದೆ ಏನೇನು ಮಾಡಿಕೊಡಬೇಕು ಎಂಬ ಷರತ್ತನ್ನು ಓದಿ. ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರಿಗೆ ಕಾಗದ ತೋರಿಸಿ, ಅದಕ್ಕೆ ಶುಲ್ಕವಿಲ್ಲ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಪಡೆದ ಮೇಲೆ ಸ್ವಯಂ ಉದ್ಯೋಗಕ್ಕೆ ಅಡ್ಡಿಯಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಮತ್ತೆ ಬಿಗಿ, ಆದರೆ ಅವರ ಅವಲಂಬಿತ ಸಂಗಾತಿ ಸ್ವಯಂ ಉದ್ಯೋಗ ಮಾಡಬಹುದು. ಗಂಡ ಹೆಂಡತಿ ಇಬ್ಬರೂ ಬರೆಯುವ ಮನೆಗಳಲ್ಲಿ ಇದನ್ನು ನೆನಪಿಡಿ.

ಪ್ರಶ್ನೆ: ಮೂರು ವರ್ಷದಿಂದ ವೆಲ್ಷ್ ಕಲಿಯುತ್ತಿದ್ದೇನೆ. ಆ ಭಾಷೆಯಲ್ಲಿ ಬರೆದು ಕಳಿಸುವ ಧೈರ್ಯ ಮಾಡಬಹುದೇ? ಐಸ್ಟೆದ್ವೊಡ್ ಎಂಬ ಸಾಹಿತ್ಯ ಸ್ಪರ್ಧೆಗಳ ಹಬ್ಬ ನನ್ನಂಥವರಿಗೂ ಇದೆಯೇ? – ಕಾರ್ಮಾರ್ಥೆನ್

ಇದೆ. ಬೇಕಾದಷ್ಟು ಇದೆ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000, ಮೂರು ವರ್ಷ ತುಂಬಿದವರಲ್ಲಿ ಶೇ. 17.8. 2050ರೊಳಗೆ ಹತ್ತು ಲಕ್ಷಕ್ಕೆ ಮುಟ್ಟಿಸಬೇಕೆಂಬುದು ಸರ್ಕಾರದ ಗುರಿ. ಕಲಿತು ಬರೆಯುವವರಿಗೆ ಅಲ್ಲಿ ಸಿಗುವ ಆದರದ ಹಿಂದೆ ಈ ಲೆಕ್ಕವೂ ಇದೆ.

ರಾಷ್ಟ್ರೀಯ ಐಸ್ಟೆದ್ವೊಡ್ ಪ್ರತಿ ವರ್ಷ ಆಗಸ್ಟ್ ಮೊದಲ ವಾರ ನಡೆಯುತ್ತದೆ, ಊರಿಂದೂರಿಗೆ ಹೋಗುತ್ತದೆ. 2024ರಲ್ಲಿ ಪಾಂಟಿಪ್ರಿಡ್, 2025ರಲ್ಲಿ ರೆಕ್ಸಮ್. ಎಲ್ಲವೂ ವೆಲ್ಷ್‌ನಲ್ಲೇ. ಸ್ಪರ್ಧೆಗಳ ವಿಷಯಪಟ್ಟಿ ಬಹಳ ಮೊದಲೇ ಪ್ರಕಟವಾಗುತ್ತದೆ, ಮೊದಲು ಅದನ್ನು ತರಿಸಿಕೊಳ್ಳಿ. ಕೃತಿಯ ಮೇಲೆ ಕಾವ್ಯನಾಮ ಮಾತ್ರ, ನಿಜ ಹೆಸರು ತೀರ್ಪುಗಾರರಿಗೆ ತಿಳಿಯದಂತೆ ಬೇರೆ ಇರುತ್ತದೆ. ಛಂದೋಬದ್ಧ ಕಾವ್ಯಕ್ಕೆ ಪೀಠ, ಮುಕ್ತ ಛಂದಕ್ಕೆ ಕಿರೀಟ, ಗದ್ಯಕ್ಕೆ ಪದಕ, ಕಾದಂಬರಿಗೆ ಡೇನಿಯಲ್ ಓವನ್ ಸ್ಮಾರಕ ಬಹುಮಾನ. ಕಾದಂಬರಿ ಕನಿಷ್ಠ 50,000 ಪದ ಇರಬೇಕು. ಯಾವ ಕೃತಿಯೂ ಯೋಗ್ಯವಲ್ಲ ಅನ್ನಿಸಿದರೆ ಬಹುಮಾನವನ್ನೇ ಕೊಡುವುದಿಲ್ಲ. ಸಭೆ ತುಂಬಿರುವಾಗಲೇ ಹಾಗೆಂದು ಸಾರಿ ಸುಮ್ಮನಾಗುತ್ತಾರೆ!

ಕಲಿಯುವವರಿಗೆಂದೇ ಪ್ರತ್ಯೇಕ ಪೀಠ ಮತ್ತು ಗದ್ಯ ಬಹುಮಾನ ಇವೆ. ನೀವು ಶುರು ಮಾಡಬೇಕಾದದ್ದು ಅಲ್ಲಿ. ಗೆಲ್ಲದಿದ್ದರೂ ಒಂದು ಲಾಭವಿದೆ: ಹಬ್ಬದಲ್ಲೇ ಬಿಡುಗಡೆಯಾಗುವ ಸಂಪುಟದಲ್ಲಿ ಗೆದ್ದ ಕೃತಿಗಳ ಜೊತೆ ತೀರ್ಪುಗಾರರ ವಿಮರ್ಶೆಯೂ ಅಚ್ಚಾಗುತ್ತದೆ. ನಿಮ್ಮ ಕಾವ್ಯನಾಮದ ಕೆಳಗೆ ನಾಲ್ಕು ಸಾಲು ಸಿಕ್ಕರೂ ಅದು ಹಿರಿಯ ಬರಹಗಾರರೊಬ್ಬರು ಪುಕ್ಕಟೆ ಮಾಡಿಕೊಟ್ಟ ತಿದ್ದುಪಡಿ.

ಛಂದೋಬದ್ಧ ಕಾವ್ಯದ ಮುಖ್ಯ ಪೀಠದ ಸ್ಪರ್ಧೆಗೆ ಮಾತ್ರ ಅವಸರ ಮಾಡಬೇಡಿ. ಅದಕ್ಕೆ ಕಂಗ್‌ಹನೆದ್ ಎಂಬ ನಾದಬಂಧ ಬೇಕು. ನಮ್ಮ ಆದಿಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಹೊಂದಿದರೆ ಆಯಿತು. ಅವರ 'ಗ್ರೋಸ್' ಬಗೆಯಲ್ಲಿ ಸಾಲಿನ ಮೊದಲರ್ಧದ ವ್ಯಂಜನಗಳೆಲ್ಲ ಅದೇ ಕ್ರಮದಲ್ಲಿ ಎರಡನೆಯರ್ಧದಲ್ಲಿ ಮರಳಿ ಬರಬೇಕು. ಹುಟ್ಟಿನಿಂದ ವೆಲ್ಷ್ ಆಡುವವರೂ ಇದನ್ನು ಸಂಜೆ ತರಗತಿಗೆ ಹೋಗಿ ವರ್ಷಗಟ್ಟಲೆ ಕಲಿಯುತ್ತಾರೆ. ಪ್ರಾಸದ ಕಿವಿ ಇರುವ ಕನ್ನಡಿಗರಿಗೆ ಬಿಬಿಸಿಯ ವೆಲ್ಷ್ ವಾಹಿನಿ ರೇಡಿಯೋ ಕಮ್ರಿಯ 'ತಾಲುರ್ನ್' ಕವಿಸ್ಪರ್ಧೆ ಒಳ್ಳೆಯ ಶುರು. ಎರಡು ತಂಡಗಳ ಕವಿಗಳು ಎದುರುಬದುರು ಓದುತ್ತಾರೆ, ತೀರ್ಪುಗಾರರು ಅಲ್ಲೇ ಅಂಕ ಕೊಡುತ್ತಾರೆ.

ಅಲ್ಲಿಯವರೆಗೆ ನಿಮ್ಮ ಊರಿನ 'ಪಾಪಿರ್ ಬ್ರೊ'ಗೆ ಬರೆಯಿರಿ. ಇವು ಸ್ವಯಂಸೇವಕರು ನಡೆಸುವ ಊರ ಪತ್ರಿಕೆಗಳು. ಮೊದಲನೆಯದು 1973ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿತು, ಈಗ ನಾಡಿನುದ್ದಕ್ಕೂ ಇವೆ. ಹಣ ಬರುವುದಿಲ್ಲ, ಆದರೆ ಭಾಷೆ ತಿದ್ದಿ ಹಾಕುತ್ತಾರೆ, ಊರವರು ಓದುತ್ತಾರೆ. ವಾರಪೂರ್ತಿ ವೆಲ್ಷ್‌ನಲ್ಲೇ ಇರಬೇಕೆಂದರೆ ಲೀನ್ ಪರ್ಯಾಯದ್ವೀಪದ ನಾಂಟ್ ಗುರ್ಥೇರ್ನ್‌ನ ವಸತಿ ಕೋರ್ಸ್ ಇದೆ. ಕಲ್ಲುಗಣಿ ಮುಚ್ಚಿ ಬರಿದಾದ ಹಳ್ಳಿಯೊಂದನ್ನು ಭಾಷಾಕೇಂದ್ರ ಮಾಡಿದ್ದಾರೆ.

ಪ್ರಶ್ನೆ: ಮಗಳು ವೆಲ್ಷ್ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿ, ಕವಿತೆ ಬರೆಯುತ್ತಾಳೆ.

1922ರಲ್ಲಿ ಶುರುವಾದ ಉರ್ದ್ ಎಂಬ ಯುವ ಸಂಘಟನೆಗೆ ಸದಸ್ಯಳಾಗಿಸಿ. ಅವರ ಮಕ್ಕಳ ಐಸ್ಟೆದ್ವೊಡ್ ಮೇ ಕೊನೆಯ ರಜೆಯಲ್ಲಿ. ಬರವಣಿಗೆ ಸ್ಪರ್ಧೆಗಳ ಗಡುವು ಹಬ್ಬಕ್ಕಿಂತ ತಿಂಗಳುಗಳ ಮೊದಲೇ ಮುಗಿಯುತ್ತದೆ, ಶಾಲೆಯಲ್ಲಿ ವಿಚಾರಿಸಿ. ಮಕ್ಕಳ ಕವಿಯ ಅಧಿಕೃತ ಹುದ್ದೆ ಎರಡೂ ಭಾಷೆಗೆ ಒಂದೊಂದಿದೆ, ಅವರನ್ನು ಶಾಲೆಗೆ ಕರೆಸಲು ಲಿಟರೇಚರ್ ವೇಲ್ಸ್‌ಗೆ ಬರೆಯಲು ಶಿಕ್ಷಕರಿಗೆ ಹೇಳಿ.

ಪ್ರಶ್ನೆ: ತರಬೇತಿಗೆ ಟೀ ನೆವಿದ್ ಹೆಸರು ಕೇಳಿದ್ದೇನೆ. ದುಬಾರಿಯಂತೆ. ಯೋಗ್ಯವೇ? – ಬ್ಯಾರಿ

ಹಸ್ತಪ್ರತಿ ಅರ್ಧವಾದರೂ ಆಗಿದ್ದರೆ ಯೋಗ್ಯ. ಬರೆಯಬೇಕೆಂಬ ಆಸೆಯಷ್ಟೇ ಇದ್ದರೆ ಮೊದಲು ಊರಿನ ಗ್ರಂಥಾಲಯದ ಬರಹಗಾರರ ಗುಂಪು ಸಾಕು. ಟೀ ನೆವಿದ್ ಇರುವುದು ಉತ್ತರದಲ್ಲಿ, ಕ್ರಿಕಿಯೆತ್ ಬಳಿಯ ಲಾನಸ್ಟಮ್‌ಡುಯಿ ಹಳ್ಳಿಯಲ್ಲಿ. ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಅವರ ಕೊನೆಯ ಮನೆ, 1990ರಿಂದ ಬರವಣಿಗೆ ಕೇಂದ್ರ. ಸಣ್ಣ ಗುಂಪು, ಪಾಠ ಹೇಳಲು ಇಬ್ಬರು ಲೇಖಕರು, ಬೆಳಿಗ್ಗೆ ಕಾರ್ಯಾಗಾರ, ಒಬ್ಬೊಬ್ಬರಿಗೂ ಪ್ರತ್ಯೇಕ ಮಾತುಕತೆ. ಆ ಪ್ರತ್ಯೇಕ ಮಾತುಕತೆಯೇ ಕೊಟ್ಟ ಹಣದ ಬೆಲೆ. ಹಾಗಾಗಿ ಓದಿಸಲು ಹತ್ತು ಪುಟ ಸಿದ್ಧವಿಟ್ಟುಕೊಂಡೇ ಹೋಗಿ. ಶುಲ್ಕಕ್ಕೆ ಸಹಾಯಧನ ಉಂಟು. ಜಾಗ ಕಾಯ್ದಿರಿಸುವ ಮೊದಲೇ ಕೇಳಬೇಕು, ಹಣ ಕಟ್ಟಿದ ಮೇಲಲ್ಲ. ಕಾರ್ಡಿಫ್ ಕಡೆಯಿಂದ ರೈಲಿನಲ್ಲಿ ಶ್ರೂಸ್‌ಬರಿ, ಮಖಂತ್ಲೆತ್ ಮೂಲಕ ಸುತ್ತಿ ಹೋಗಬೇಕು, ಹಗಲೆಲ್ಲ ಬೇಕಾಗುತ್ತದೆ. ರಜೆ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ನಿಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅವಕಾಶ 'ರೆಪ್ರೆಸೆಂಟಿಂಗ್ ವೇಲ್ಸ್'. ಸಾಹಿತ್ಯದಲ್ಲಿ ದನಿ ಕಡಿಮೆ ಇರುವ ಸಮುದಾಯಗಳ ಲೇಖಕರಿಗೆಂದು ಲಿಟರೇಚರ್ ವೇಲ್ಸ್ 2021ರಲ್ಲಿ ಶುರು ಮಾಡಿದ 12 ತಿಂಗಳ ಕಾರ್ಯಕ್ರಮ. ಧನಸಹಾಯ, ಮಾರ್ಗದರ್ಶಕರು, ತರಬೇತಿ ಮೂರೂ ಸೇರಿವೆ. ಪ್ರತಿ ಸುತ್ತಿಗೂ ಅರ್ಹತೆಯ ಗುಂಪು ಬದಲಾಗಬಹುದು. ಅರ್ಜಿಯಲ್ಲಿ ಹೆಚ್ಚಿನವರು ತಮ್ಮ ಕಷ್ಟದ ಕಥೆಗೆ ಮುಕ್ಕಾಲು ಜಾಗ ಕೊಟ್ಟು ಬರವಣಿಗೆಗೆ ಕಾಲು ಉಳಿಸುತ್ತಾರೆ. ತಿರುವುಮುರುವು ಮಾಡಿ: ಏನು ಬರೆಯುತ್ತಿದ್ದೀರಿ, ಎಲ್ಲಿ ಸಿಕ್ಕಿಕೊಂಡಿದೆ, ಆ ಒಂದು ವರ್ಷದಲ್ಲಿ ಏನು ಮುಗಿಸುತ್ತೀರಿ. 2024–25ರಲ್ಲಿ, ಲಿಟರೇಚರ್ ವೇಲ್ಸ್‌ಗೆ ಹಣ ಕೊಡುವ ಆರ್ಟ್ಸ್ ಕೌನ್ಸಿಲ್ ಆಫ್ ವೇಲ್ಸ್‌ನ ಅನುದಾನಕ್ಕೇ ಶೇ. 10.5 ಕತ್ತರಿ ಬಿತ್ತು. ಇಂಥ ಯೋಜನೆಗಳ ಪೈಪೋಟಿ ಸಡಿಲವಾಗುವ ಲಕ್ಷಣವಿಲ್ಲ.

ಪ್ರಶ್ನೆ: ಪುಸ್ತಕ, ಭಾಷೆ ಸಂಬಂಧದ ಸಂಬಳದ ಕೆಲಸ ಸಿಗುತ್ತದೆಯೇ? ಕನ್ನಡ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ವೆಲ್ಷ್ ಸ್ವಲ್ಪ.

ಪ್ರಕಾಶನ ಸಂಸ್ಥೆಗಳಲ್ಲಿ ಹುದ್ದೆ ಕಡಿಮೆ, ಖಾಲಿಯಾಗುವುದು ಇನ್ನೂ ಕಡಿಮೆ. ಜಾಹೀರಾತಿನಲ್ಲಿ ವೆಲ್ಷ್ 'ಅಗತ್ಯ' ಎಂದಿದೆಯೇ, 'ಅಪೇಕ್ಷಣೀಯ' ಎಂದಿದೆಯೇ ನೋಡಿ. ಎರಡನೆಯದಾದರೆ ಕಲಿಯುತ್ತಿರುವ ಮಟ್ಟವನ್ನು ಬರೆದು ಅರ್ಜಿ ಹಾಕಿ. ವೆಲ್ಷ್ ಬಲ್ಲವರ ಹುದ್ದೆಗಳು 'ಗೋಲುಗ್' ಪತ್ರಿಕೆಯ ಜಾಲತಾಣದಲ್ಲೂ 'ಲೆಓಲ್' ಎಂಬ ತಾಣದಲ್ಲೂ ಬರುತ್ತವೆ.

ಭಾಷೆಯ ದೊಡ್ಡ ಉದ್ಯೋಗದಾತ ಪುಸ್ತಕವಲ್ಲ, ಅನುವಾದ. 2011ರ ವೆಲ್ಷ್ ಭಾಷಾ ಕಾಯ್ದೆಯ ಮಾನದಂಡಗಳಿಂದಾಗಿ ಸ್ಥಳೀಯ ಸಂಸ್ಥೆ, ಆರೋಗ್ಯ ಮಂಡಳಿ, ವಿಶ್ವವಿದ್ಯಾಲಯಗಳು ಎರಡೂ ಭಾಷೆಯಲ್ಲಿ ಕೆಲಸ ಮಾಡಬೇಕು. ಅದಕ್ಕೆ ವೆಲ್ಷ್ ಅನುವಾದಕರು ಬೇಕು. 1976ರಲ್ಲಿ ಹುಟ್ಟಿದ ಅನುವಾದಕರ ಸಂಘ ಪರೀಕ್ಷೆ ನಡೆಸಿ ಸದಸ್ಯತ್ವ ಕೊಡುತ್ತದೆ. ಇದು 'ಸ್ವಲ್ಪ ವೆಲ್ಷ್'ಗೆ ನಿಲುಕುವುದಲ್ಲ, ವರ್ಷಗಳ ಗುರಿ.

ಈಗಲೇ ನಿಮ್ಮ ಕೈಗೆ ಎಟಕುವುದು ಕನ್ನಡವೇ. ವೇಲ್ಸ್‌ನ ಆಸ್ಪತ್ರೆ, ಪೊಲೀಸ್, ಸ್ಥಳೀಯ ಸಂಸ್ಥೆಗಳಿಗೆ ದುಭಾಷಿಗಳನ್ನು ಒದಗಿಸುವ 'ವಿಟ್ಸ್' ಎಂಬ ಸೇವೆಯನ್ನು ಕಾರ್ಡಿಫ್ ಕೌನ್ಸಿಲ್ ನಡೆಸುತ್ತದೆ. ಕನ್ನಡಕ್ಕೆ ಕರೆ ದಿನಾ ಬರುವುದಿಲ್ಲ, ಆದ್ದರಿಂದ ಇದನ್ನೇ ನೆಚ್ಚಬೇಡಿ. ವೀಸಾ ಸ್ವಯಂ ಉದ್ಯೋಗಕ್ಕೆ ಬಿಡುತ್ತದೆಯೇ ಎಂದೂ ನೋಡಿ. ಕರಡು ತಿದ್ದುವ ಕೆಲಸಕ್ಕಾದರೆ ಸಿಐಇಪಿ ಎಂಬ ಸಂಪಾದಕರ ಸಂಸ್ಥೆಯ ಕೋರ್ಸ್ ಮಾಡಿ. ಅವರು ಪ್ರಕಟಿಸುವ ಕನಿಷ್ಠ ಗಂಟೆ ದರ ಚೌಕಾಸಿಗೆ ಆಧಾರವಾಗುತ್ತದೆ.

ಪ್ರಶ್ನೆ: ಟಿವಿಗೆ ಬರೆಯಬೇಕೆಂದರೆ?

ಕಲ್ಟ್ ಕಮ್ರಿ ಎಂಬ, ಕಲಾ ಕ್ಷೇತ್ರದ ಕಾರ್ಮಿಕ ಸಂಘಗಳ ತರಬೇತಿ ಯೋಜನೆಯಿಂದ ಶುರು ಮಾಡಿ, ಶುಲ್ಕ ಕಡಿಮೆ. ಬಿಬಿಸಿ ರೈಟರ್ಸ್ ವರ್ಷಕ್ಕೊಮ್ಮೆ ಎಲ್ಲರಿಂದ ಚಿತ್ರಕಥೆ ಕರೆಯುತ್ತದೆ, ಕೆಲವೇ ವಾರ. ಪೂರ್ತಿ ಬರೆದ ಸ್ವಂತ ಚಿತ್ರಕಥೆ ಬೇಕು, ಕಥೆಯ ಸಾರ ನಡೆಯುವುದಿಲ್ಲ.

ಪ್ರಶ್ನೆ: ವೆಲ್ಷ್ ಕಾದಂಬರಿಯೊಂದನ್ನು ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರುವ ಆಸೆ. ಅನುಮತಿ, ಹಣ ಎಲ್ಲಿ ಕೇಳಲಿ? – ಧಾರವಾಡ

ಅನುವಾದ ಶುರು ಮಾಡುವ ಮೊದಲು ಹಕ್ಕು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ, ಬ್ರಿಟನ್‌ನಲ್ಲಿ 70. ವೆಲ್ಷ್ ಕಾದಂಬರಿಕಾರ ಡೇನಿಯಲ್ ಓವನ್ 1895ರಲ್ಲಿ ತೀರಿಕೊಂಡವರು, ಮೂಲಕ್ಕೆ ಯಾರ ಅನುಮತಿಯೂ ಬೇಡ. ವೆಲ್ಷ್ ಲೇಖಕಿ ಕೇಟ್ ರಾಬರ್ಟ್ಸ್ ತೀರಿಕೊಂಡದ್ದು 1985ರಲ್ಲಿ, ಹಾಗಾಗಿ ಇಲ್ಲಿಯೂ 2045ರ ಕೊನೆಯವರೆಗೆ ಬೇಕು. ಆದರೆ ನೀವು ಇಂಗ್ಲಿಷ್‌ನಿಂದ ಮಾಡುವವರು. ಆ ಇಂಗ್ಲಿಷ್ ಅನುವಾದಕ್ಕೂ ಬೇರೆಯದೇ ಸ್ವಾಮ್ಯವಿದೆ, ಅದರ ಆಯಸ್ಸು ಅನುವಾದಕರ ಬದುಕಿನ ಲೆಕ್ಕದಲ್ಲಿ. ಮೂಲ ಹಳೆಯದು, ಅನುವಾದ ಹತ್ತು ವರ್ಷದ್ದು ಎಂದಾದರೆ ಇಂಗ್ಲಿಷ್ ಕಡೆಯ ಅನುಮತಿ ಬೇಕೇ ಬೇಕು. ಎರಡೂ ಹೊಸದಾದರೆ ಎರಡು ಅನುಮತಿ.

ಪತ್ರ ಬರೆಯಬೇಕಾದದ್ದು ಮೂಲ ಪ್ರಕಾಶಕರ ಹಕ್ಕುಗಳ ವಿಭಾಗಕ್ಕೆ. ಭಾಷೆ ಕನ್ನಡ, ಎಷ್ಟು ಪ್ರತಿ, ಅಂದಾಜು ಬೆಲೆ, ಎಷ್ಟು ವರ್ಷಕ್ಕೆ, ಇ-ಪುಸ್ತಕ ಸೇರಿದೆಯೇ ಎಂಬ ಐದನ್ನೂ ಮೊದಲ ಪತ್ರದಲ್ಲೇ ಹಾಕಿ. ಪ್ರತಿಗಳ ಸಂಖ್ಯೆಯನ್ನು ಉಬ್ಬಿಸಿ ಬರೆಯಬೇಡಿ. ಮುಂಗಡವನ್ನು ಅದರ ಮೇಲೇ ಲೆಕ್ಕ ಹಾಕುತ್ತಾರೆ.

ಹಣಕ್ಕೆ ವೇಲ್ಸ್ ಲಿಟರೇಚರ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಇದೆ. ವೇಲ್ಸ್‌ನ ಕೃತಿಗಳು ಹೊರಗಿನ ಭಾಷೆಗಳಿಗೆ ಹೋಗಲೆಂದೇ ಕೆಲಸ ಮಾಡುವುದು. ಅನುವಾದಕ್ಕೆ ತಕ್ಕವೆಂದು ಅವರು ಆರಿಸುವ ಪುಸ್ತಕಗಳ ಪಟ್ಟಿಯನ್ನೂ ನೋಡಿ, ಆಯ್ಕೆಗೆ ನೆರವಾದೀತು. ಅನುದಾನಕ್ಕೆ ಅರ್ಜಿ ಹಾಕಬೇಕಾದವರು ಪ್ರಕಾಶಕರು, ಅನುವಾದಕರಲ್ಲ. ಆದ್ದರಿಂದ ಕನ್ನಡದ ಪ್ರಕಾಶಕರೊಬ್ಬರನ್ನು ಮೊದಲೇ ಒಪ್ಪಿಸಿಕೊಳ್ಳಿ. ಇಂಥ ಅರ್ಜಿಗೆ ಸಾಮಾನ್ಯವಾಗಿ ಹಕ್ಕಿನ ಒಪ್ಪಂದ, ನಿಮ್ಮೊಂದಿಗಿನ ಒಪ್ಪಂದ, ನಿಮ್ಮ ಹಿಂದಿನ ಅನುವಾದಗಳ ವಿವರ, ಖರ್ಚಿನ ಪಟ್ಟಿ, ಬಿಡುಗಡೆಯ ಅಂದಾಜು ತಿಂಗಳು ಬೇಕಾಗುತ್ತವೆ. ಆ ವರ್ಷ ನಿಧಿ ತೆರೆದಿದೆಯೇ ಎಂದು ಇಮೇಲ್‌ನಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಪ್ರಕಾಶಕರೊಂದಿಗಿನ ಒಪ್ಪಂದದಲ್ಲಿ ಸಂಭಾವನೆಯನ್ನು ಪದಕ್ಕಿಷ್ಟು ಎಂದು ಹಾಕುವುದಾದರೆ 'ಇಂಗ್ಲಿಷ್ ಮೂಲದ ಪದಕ್ಕೆ' ಎಂದು ಬರೆಸಿ. ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ ಪದಸಂಖ್ಯೆ ಗಣನೀಯವಾಗಿ ಇಳಿಯುತ್ತದೆ, ಕನ್ನಡದ ಪದ ಎಣಿಸಿದರೆ ನಿಮ್ಮ ಹಣವೂ ಇಳಿಯುತ್ತದೆ. ಹೆಸರುಗಳ ಉಚ್ಚಾರಣೆಯನ್ನು ಇಂಗ್ಲಿಷ್ ಕಣ್ಣಿನಿಂದ ಊಹಿಸಬೇಡಿ. ವೆಲ್ಷ್‌ನಲ್ಲಿ ಒಂಟಿ 'ಎಫ್' ಬಂದರೆ 'ವ', ಜೋಡಿ 'ಎಫ್' ಬಂದರೆ 'ಫ', 'ಡಬ್ಲ್ಯು' ಎಷ್ಟೋ ಕಡೆ 'ಉ'. ಪಾತ್ರ ಮತ್ತು ಊರುಗಳ ಹೆಸರಿನ ಪಟ್ಟಿ ಮಾಡಿ, ಮೂಲ ಪ್ರಕಾಶಕರಿಗೆ ಕಳಿಸಿ ಧ್ವನಿಮುದ್ರಿಕೆ ಕೇಳಿ.